ಬೀಗ ಹಾಕಿದವರು ಯಾರು? ಓದುಗರ ಕಂಪ್ಯೂಟರ್ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು. ಮೊದಲ ಬಿಲ್ಡ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವ ಕೆಲಸ) ಸಲೀಸಾಗಿ ಆಗುತ್ತದೆ, ಎರಡನೇ ಸಲ ಕೊಟ್ಟರೆ ಫೈಲ್ ತೆರೆಯಲಾಗದು, ಅಳಿಸಲಾಗದು, ಅನುಮತಿ ಇಲ್ಲ ಎಂಬ ತಕರಾರು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ವಿಷುವಲ್ ಸ್ಟುಡಿಯೊದಲ್ಲಿ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಒಮ್ಮೆ ಓಡಿಸಿ, ಕೋಡ್ ತಿದ್ದಿ ಮತ್ತೆ ಬಿಲ್ಡ್ ಕೊಟ್ಟರೆ ಎಲ್‌ಎನ್‌ಕೆ 1168 ಬರುತ್ತದೆ, ಎಕ್ಸಿ ಫೈಲನ್ನು ಬರೆಯಲು ತೆರೆಯಲಾಗುತ್ತಿಲ್ಲ ಅಂತ. ಕೈಯಾರೆ ಡಿಲೀಟ್ ಮಾಡಹೋದರೆ ‘ಆಕ್ಸೆಸ್ ಡಿನೈಡ್’. ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೂ ಅದೇ ಕತೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಸರಿ. ದಿನಕ್ಕೆ ಐದಾರು ಸಲ ರೀಸ್ಟಾರ್ಟ್ ಮಾಡುವುದು, ಎಂತ ಅವಸ್ಥೆ ಮಾರಾಯ್ರೆ!
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಕದ್ರಿ, ಮಂಗಳೂರು

ಉತ್ತರ: ಸುಳಿವು ನಿಮ್ಮ ಪತ್ರದಲ್ಲೇ ಇದೆ. ಅಡ್ಮಿನಿಸ್ಟ್ರೇಟರ್‌ಗೂ ಬಗ್ಗದ್ದು ರೀಸ್ಟಾರ್ಟ್‌ಗೆ ಬಗ್ಗುತ್ತದೆ ಎಂದರೆ ಅದು ಅನುಮತಿಯ ತೊಂದರೆಯಲ್ಲ, ಫೈಲನ್ನು ಯಾರೋ ಹಿಡಿದುಕೊಂಡಿದ್ದಾರೆ. ಹಿಡಿದದ್ದು ಬಹುಮಟ್ಟಿಗೆ ನಿಮ್ಮದೇ ಪ್ರೋಗ್ರಾಂ.

ವಿಂಡೋಸ್ ಒಂದು ಎಕ್ಸಿಯನ್ನು, ಅಂದರೆ ಓಡುವ ಪ್ರೋಗ್ರಾಂ ಫೈಲನ್ನು, ಓಡಿಸುವಾಗ ಅದರ ನಕಲು ತೆಗೆದುಕೊಂಡು ಮೂಲ ಫೈಲನ್ನು ಬಿಟ್ಟುಬಿಡುವುದಿಲ್ಲ. ಡಿಸ್ಕಿನಲ್ಲಿರುವ ಫೈಲನ್ನೇ ಮೆಮೊರಿಗೆ ಮ್ಯಾಪ್ ಮಾಡಿ, ಬೇಕಾದ ಪುಟಗಳನ್ನು (ಫೈಲಿನ ಸಣ್ಣ ತುಂಡುಗಳನ್ನು) ಬೇಕಾದಾಗ ಓದುತ್ತದೆ. ಆದ್ದರಿಂದ ಪ್ರೋಗ್ರಾಂ ಜೀವಂತ ಇರುವಷ್ಟು ಹೊತ್ತು ಆ ಫೈಲಿನ ಮೇಲೆ ಬರೆಯಲು ಯಾರಿಗೂ ಬಿಡುವುದಿಲ್ಲ, ಬಿಲ್ಡ್‌ನ ಕೊನೆಗೆ ಎಕ್ಸಿ ಬರೆಯುವ ಲಿಂಕರ್‌ಗೂ ಇಲ್ಲ. ಜನ ದಾರಿ ತಪ್ಪುವುದು ಸಂದೇಶದ ಮಾತಿನಿಂದ. ಓಡುತ್ತಿರುವ ಎಕ್ಸಿಯನ್ನು ಬರೆಯಲು ತೆರೆದರೆ ಬರುವುದು 32ನೇ ದೋಷ, ಅಂದರೆ ‘ಇನ್ನೊಂದು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಬಳಸುತ್ತಿದೆ’. ಅದನ್ನೇ ಡಿಲೀಟ್ ಮಾಡಹೋದರೆ ಬರುವುದು 5ನೇ ದೋಷ, ‘ಆಕ್ಸೆಸ್ ಡಿನೈಡ್’. ಕಾರಣ ಒಂದೇ, ಮಾತು ಎರಡು. ಎರಡನೆಯದನ್ನು ಓದಿದವರು ಫೋಲ್ಡರ್‌ನ ಸೆಕ್ಯುರಿಟಿ ಟ್ಯಾಬ್ ತೆರೆದು ‘ಎವ್ರಿವನ್, ಫುಲ್ ಕಂಟ್ರೋಲ್’ ಕೊಟ್ಟು ಕೂರುತ್ತಾರೆ. ಅದರಿಂದ ಏನೂ ಆಗುವುದಿಲ್ಲ.

ಮಾಡಬೇಕಾದದ್ದು: ಮೊದಲು ಶಿಫ್ಟ್ ಒತ್ತಿಕೊಂಡು ಎಫ್5, ಅಂದರೆ ಡಿಬಗ್ ನಿಲ್ಲಿಸಿ. ಬ್ರೇಕ್‌ಪಾಯಿಂಟ್‌ನಲ್ಲಿ ನಿಂತ ಪ್ರೋಗ್ರಾಂ ಮುಗಿದ ಪ್ರೋಗ್ರಾಂ ಅಲ್ಲ. ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ‘ಡೀಟೇಲ್ಸ್’ ಟ್ಯಾಬ್‌ಗೆ ಹೋಗಿ. ಮೊದಲ ಟ್ಯಾಬ್‌ನಲ್ಲಿ ಹೆಸರುಗಳನ್ನು ಗುಂಪು ಕಟ್ಟಿ ತೋರಿಸುವುದರಿಂದ ನಿಮ್ಮ ಎಕ್ಸಿ ಕಣ್ಣಿಗೆ ಬೀಳದೆ ಹೋಗಬಹುದು. ಡೀಟೇಲ್ಸ್‌ನಲ್ಲಿ ಅದೇ ಹೆಸರು ಕಂಡರೆ ಎಂಡ್ ಟಾಸ್ಕ್, ಮತ್ತೆ ಬಿಲ್ಡ್. ಕಾಣದಿದ್ದರೆ ಹಿಡಿದವರು ಬೇರೆ. ಮೈಕ್ರೊಸಾಫ್ಟ್‌ನ ಪವರ್‌ಟಾಯ್ಸ್ ಹಾಕಿಕೊಂಡಿದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಫೈಲ್ ಲಾಕ್‌ಸ್ಮಿತ್’ ಆರಿಸಿ, ಹಿಡಿದ ಪ್ರೊಸೆಸ್‌ನ ಹೆಸರು ಬರುತ್ತದೆ. ಸಿಸ್‌ಇಂಟರ್ನಲ್ಸ್‌ನ ಪ್ರೊಸೆಸ್ ಎಕ್ಸ್‌ಪ್ಲೋರರ್‌ನಲ್ಲಿ ‘ಫೈಂಡ್’ ಮೆನುವಿನಿಂದಲೂ ಇದನ್ನೇ ಹುಡುಕಬಹುದು. ಅಡ್ಮಿನಿಸ್ಟ್ರೇಟರ್ ಆಗಿ ಹೊರಟ ಪ್ರೊಸೆಸ್ ಹಿಡಿದಿದ್ದರೆ ಈ ಸಾಧನಗಳನ್ನೂ ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆಯಬೇಕು, ಇಲ್ಲವಾದರೆ ಅವು ಖಾಲಿ ಪಟ್ಟಿ ತೋರಿಸಬಹುದು.

ಒಂದು ಗುಟ್ಟು: ಓಡುತ್ತಿರುವ ಎಕ್ಸಿಯನ್ನು ಅಳಿಸಲಾಗದಿದ್ದರೂ ಅದೇ ಡ್ರೈವ್‌ನೊಳಗೆ ಹೆಸರು ಬದಲಿಸಬಹುದು. ಹಳೆಯದಕ್ಕೆ ಬೇರೆ ಹೆಸರಿಟ್ಟರೆ ಹೊಸದು ಆ ಜಾಗದಲ್ಲಿ ಹುಟ್ಟುತ್ತದೆ, ಹಳೆಯದು ತನ್ನ ಪಾಡಿಗೆ ಓಡುತ್ತಿರುತ್ತದೆ. ಸಮಯವಿಲ್ಲದಾಗ ಇದು ಸಾಕು. ಆದರೆ ನಿಮ್ಮ ಪ್ರೋಗ್ರಾಂ ಪ್ರತಿಸಲ ಹೀಗೆ ಸಾಯದೆ ಉಳಿಯುತ್ತಿದ್ದರೆ ಅದರೊಳಗೆ ಮುಗಿಯದ ಲೂಪೋ, ಮುಗಿಯದೆ ಕಾಯಿಸುತ್ತಿರುವ ಥ್ರೆಡ್ಡೋ (ಒಳಗೆ ಬೇರೆಯಾಗಿ ಓಡುವ ಕೆಲಸ) ಇದೆಯೇ ನೋಡಿ. ವಿಂಡೋ ಮುಚ್ಚಿದ ಮಾತ್ರಕ್ಕೆ ಪ್ರೊಸೆಸ್ ಮುಗಿಯಿತೆಂದು ಲೆಕ್ಕವಲ್ಲ.

ಪ್ರಶ್ನೆ: ಡಾಟ್‌ನೆಟ್ ಪ್ರಾಜೆಕ್ಟ್. ಎಂಎಸ್‌ಬಿ 3026 ಎಂಬ ಎಚ್ಚರಿಕೆ ಸಾಲುಸಾಲಾಗಿ ಬಂದು ಕೊನೆಗೆ ಎಂಎಸ್‌ಬಿ 3027 ಆಗಿ ಬಿಲ್ಡ್ ಬೀಳುತ್ತದೆ. ಕೆಲವು ಸಲ ಮಾತ್ರ. ಆ್ಯಂಟಿವೈರಸ್ ತೆಗೆದುಹಾಕಲು ಸಹೋದ್ಯೋಗಿ ಹೇಳುತ್ತಾರೆ. ತೆಗೆಯಬಹುದೇ?
– ಬಿಜೈ, ಮಂಗಳೂರು

ಉತ್ತರ: ತೆಗೆಯಬೇಡಿ. ಮೊದಲು ಆ ಎಚ್ಚರಿಕೆಯ ಸಾಲನ್ನು ಕೊನೆಯವರೆಗೆ ಓದಿ. ಡಾಟ್‌ನೆಟ್‌ನ ಬಿಲ್ಡ್ ಸಾಧನವಾದ ಎಂಎಸ್‌ಬಿಲ್ಡ್ ಫೈಲನ್ನು ನಕಲು ಮಾಡಲಾಗದಿದ್ದರೆ 1 ಸೆಕೆಂಡು ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ, ಹೀಗೆ 10 ಸಲ. ಪ್ರತಿ ಸಲದ್ದು 3026, ಕೈಚೆಲ್ಲಿದಾಗ 3027. ಈಚಿನ ಆವೃತ್ತಿಗಳು ಸಾಲಿನ ತುದಿಯಲ್ಲಿ ಫೈಲನ್ನು ಹಿಡಿದವರ ಹೆಸರನ್ನೂ ಪ್ರೊಸೆಸ್ ಸಂಖ್ಯೆಯನ್ನೂ ಹೇಳುತ್ತವೆ. ಔಟ್‌ಪುಟ್ ವಿಂಡೋದಲ್ಲಿ ಸಾಲು ಬಲಕ್ಕೆ ಉದ್ದ ಹೋಗಿರುವುದರಿಂದ ಯಾರೂ ಅದನ್ನು ಓದುವುದಿಲ್ಲ, ಅಷ್ಟೆ.

ಅಲ್ಲಿ ನಿಮ್ಮದೇ ಆ್ಯಪ್‌ನ ಹೆಸರಿದ್ದರೆ ಇನ್ನೊಂದು ಟರ್ಮಿನಲ್‌ನಲ್ಲಿ ಅದು ಓಡುತ್ತಿದೆ. ವಿಂಡೋಸ್‌ನ ವೆಬ್ ಸರ್ವರ್ ಆದ ಐಐಎಸ್‌ನ ವರ್ಕರ್ ಪ್ರೊಸೆಸ್ ಇದ್ದರೆ ಸೈಟ್ ಚಾಲೂ ಇರುವಾಗಲೇ ಅದರ ಫೋಲ್ಡರ್‌ಗೆ ಬಿಲ್ಡ್ ಮಾಡುತ್ತಿದ್ದೀರಿ. ಆಸ್ಪ್ ಡಾಟ್‌ನೆಟ್ ಕೋರ್ ಸೈಟಾದರೆ ಆ ಫೋಲ್ಡರ್‌ನಲ್ಲಿ ‘ಆ್ಯಪ್ ಅಂಡರ್‌ಸ್ಕೋರ್ ಆಫ್‌ಲೈನ್’ ಹೆಸರಿನ ಎಚ್‌ಟಿಎಂ ಫೈಲ್ ಒಂದನ್ನು ಇಟ್ಟರೆ ಸರ್ವರ್ ತಾನಾಗಿ ಆ್ಯಪನ್ನು ಮುಚ್ಚಿ ಡಿಎಲ್‌ಎಲ್‌ಗಳನ್ನು (ಪ್ರೋಗ್ರಾಂ ಬಳಸುವ ಕೋಡ್ ಫೈಲ್‌ಗಳನ್ನು) ಬಿಡುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲು ಮರೆಯಬೇಡಿ. ಎಂಎಸ್‌ಬಿಲ್ಡ್‌ನದ್ದೇ ಹೆಸರು ಇದ್ದರೆ, ಹಿಂದಿನ ಬಿಲ್ಡ್‌ನ ಕೆಲಸಗಾರ ಪ್ರೊಸೆಸ್‌ಗಳು ಮುಂದಿನ ಕರೆಗಾಗಿ ಸುಮಾರು ಕಾಲು ಗಂಟೆ ಕಾದು ಕೂತಿರುತ್ತವೆ. ನೀವೇ ಬರೆದ ಬಿಲ್ಡ್ ಟಾಸ್ಕ್‌ನ ಡಿಎಲ್‌ಎಲ್ ಇದ್ದರೆ ಅದನ್ನೂ ಹಿಡಿದೇ ಕೂತಿರುತ್ತವೆ. ‘ಡಾಟ್‌ನೆಟ್ ಬಿಲ್ಡ್-ಸರ್ವರ್ ಶಟ್‌ಡೌನ್’ ಕಮಾಂಡ್ ಅವನ್ನು ಎಬ್ಬಿಸಿ ಕಳುಹಿಸುತ್ತದೆ. ಪ್ರತಿಸಲವೂ ಇದೇ ಕಾಟವಾದರೆ ‘ನೋಡ್ ರೀಯೂಸ್’ ಆಯ್ಕೆಯನ್ನು ಫಾಲ್ಸ್ ಮಾಡಿ ಬಿಲ್ಡ್ ಓಡಿಸಿ. ಬಿಲ್ಡ್ ತುಸು ನಿಧಾನವಾಗುತ್ತದೆ.

ಹೆಸರು ಆ್ಯಂಟಿವೈರಸ್‌ನದ್ದೇ ಆಗಿದ್ದರೆ, ಹೊಸದಾಗಿ ಹುಟ್ಟಿದ ಎಕ್ಸಿಯನ್ನು ಅದು ಪರೀಕ್ಷಿಸುತ್ತಿರುವ ಹೊತ್ತಿಗೇ ಬಿಲ್ಡ್‌ನ ಮುಂದಿನ ಹಂತ ಅದನ್ನು ಕೇಳಿದೆ. ‘ಕೆಲವು ಸಲ ಮಾತ್ರ’ ಎಂಬ ನಿಮ್ಮ ಮಾತು ಇದಕ್ಕೂ ಹೊಂದುತ್ತದೆ. ಆಗ ಪ್ರಾಜೆಕ್ಟ್‌ನ ಬಿನ್ ಮತ್ತು ಆಬ್ಜ್ ಫೋಲ್ಡರ್‌ಗಳನ್ನು ಮಾತ್ರ ಎಕ್ಸ್‌ಕ್ಲೂಷನ್ ಪಟ್ಟಿಗೆ ಸೇರಿಸಿ. ಡೌನ್‌ಲೋಡ್ಸ್ ಫೋಲ್ಡರನ್ನೋ ಇಡೀ ಡ್ರೈವನ್ನೋ ಸೇರಿಸಬೇಡಿ. ಆಫೀಸಿನ ಯಂತ್ರವಾದರೆ ಐಟಿ ವಿಭಾಗದವರ ಕೈಯಲ್ಲೇ ಮಾಡಿಸಿ.

ಪ್ರಶ್ನೆ: ಬಂದರಿನ ಹತ್ತಿರದ ಮೀನಿನ ಮಂಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಎಕ್ಸಿ ಸರ್ವರ್‌ನ ಶೇರ್ ಫೋಲ್ಡರ್‌ನಲ್ಲಿದೆ, 7 ಕಂಪ್ಯೂಟರ್‌ಗಳು ಅಲ್ಲಿಂದಲೇ ಓಡಿಸುತ್ತವೆ. ಹೊಸ ಆವೃತ್ತಿ ಹಾಕಲು ಹೋದರೆ ಫೈಲ್ ಬಳಕೆಯಲ್ಲಿದೆ ಎನ್ನುತ್ತದೆ. ಎಲ್ಲರೂ ಮುಚ್ಚಿದ್ದೇವೆ ಎನ್ನುತ್ತಾರೆ.
– ಮಲ್ಪೆ

ಉತ್ತರ: ಎಲ್ಲರೂ ಮುಚ್ಚಿರುವುದಿಲ್ಲ. ಬೋಟ್ ಯಾವ ಹೊತ್ತಿಗೆ ಬರುತ್ತದೋ ಎಂದು ಯಂತ್ರಗಳನ್ನು ಆನ್ ಇಟ್ಟೇ ಇರುವ ಜಾಗದಲ್ಲಿ, ಒಂದರ ಪರದೆ ಲಾಕ್ ಆಗಿ ಪ್ರೋಗ್ರಾಂ ಹಿಂದೆ ತೆರೆದೇ ಇರುತ್ತದೆ. ಯಾರನ್ನೂ ಕೇಳುವ ಅಗತ್ಯವಿಲ್ಲ, ಸರ್ವರ್‌ನಲ್ಲೇ ನೋಡಬಹುದು. ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು ‘ಶೇರ್ಡ್ ಫೋಲ್ಡರ್ಸ್’ ಒಳಗಿನ ‘ಓಪನ್ ಫೈಲ್ಸ್’ಗೆ ಹೋದರೆ ಫೈಲಿನ ಹೆಸರಿನ ಎದುರು ಬಳಕೆದಾರರ ಹೆಸರು ಇರುತ್ತದೆ. ನೀವು ಸಾಮಾನ್ಯವಾಗಿ ಬಳಸುವ ಯಂತ್ರದಲ್ಲಿ ಪ್ರೊಸೆಸ್ ಎಕ್ಸ್‌ಪ್ಲೋರರ್ ಓಡಿಸಿ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಹಿಡಿದ ಪ್ರೊಸೆಸ್ ಇರುವುದು ಇನ್ನೊಂದು ಕಂಪ್ಯೂಟರ್‌ನಲ್ಲಿ.

ಆ ಪಟ್ಟಿಯಿಂದಲೇ ಫೈಲನ್ನು ಬಲವಂತವಾಗಿ ಮುಚ್ಚಬಹುದು. ಮುಚ್ಚಿದರೆ ಏನಾಗುತ್ತದೆ ಎಂಬುದೂ ಗೊತ್ತಿರಲಿ. ಮೊದಲ ಉತ್ತರದಲ್ಲಿ ಹೇಳಿದಂತೆ ಪ್ರೋಗ್ರಾಂ ತನ್ನ ಪುಟಗಳನ್ನು ಬೇಕಾದಾಗ ಫೈಲಿನಿಂದ ಓದುತ್ತಿರುತ್ತದೆ. ಅರ್ಧ ಬಿಲ್ ಟೈಪ್ ಮಾಡಿ ‘ಪ್ರಿಂಟ್’ ಒತ್ತಿದಾಗ ಆ ಭಾಗದ ಪುಟ ಸಿಗದೆ ಪ್ರೋಗ್ರಾಂ ಅಲ್ಲೇ ಕುಸಿಯುತ್ತದೆ. ಇವೆಂಟ್ ವ್ಯೂವರ್‌ನಲ್ಲಿ ‘ಸಿ’ಯಿಂದ ಶುರುವಾಗಿ, ನಡುವೆ ಸೊನ್ನೆಗಳೇ ಇದ್ದು, 6ರಲ್ಲಿ ಮುಗಿಯುವ ದೋಷ ಸಂಖ್ಯೆ ಕಂಡರೆ ಅದು ಇದೇ. ನೆಟ್‌ವರ್ಕ್ ಕೇಬಲ್ ಸಡಿಲವಾದಾಗಲೂ ಇದೇ ಆಗುತ್ತದೆ.

ಶೇರ್ ಫೋಲ್ಡರ್‌ನಿಂದ ನೇರ ಓಡಿಸುವ ಪದ್ಧತಿಯನ್ನೇ ಬಿಡುವುದು ಸರಿ. ಸರ್ವರ್‌ನಲ್ಲಿ ಪ್ರತಿ ಆವೃತ್ತಿಗೂ ಒಂದು ಪ್ರತ್ಯೇಕ ಫೋಲ್ಡರ್ ಮಾಡಿ, ಹಳೆಯದನ್ನು ಮುಟ್ಟಬೇಡಿ. ಯಾವುದು ಈಗಿನದು ಎಂದು ಒಂದು ಸಣ್ಣ ಟೆಕ್ಸ್ಟ್ ಫೈಲ್‌ನಲ್ಲಿ ಬರೆಯಿರಿ. ಡೆಸ್ಕ್‌ಟಾಪ್ ಶಾರ್ಟ್‌ಕಟ್ ಒಂದು ಬ್ಯಾಚ್ ಫೈಲನ್ನು ಕರೆಯಲಿ, ಅದು ಈಗಿನ ಆವೃತ್ತಿಯನ್ನು ಸ್ಥಳೀಯ ಡಿಸ್ಕಿಗೆ ನಕಲು ಮಾಡಿಕೊಂಡು ಅಲ್ಲಿಂದ ಓಡಿಸಲಿ. ಆಗ ನೀವು ನಡುಹಗಲಲ್ಲಿ ಹೊಸದನ್ನು ಇಟ್ಟರೂ ಯಾರ ಕೈಯನ್ನೂ ಹಿಡಿಯುವುದಿಲ್ಲ, ಮುಚ್ಚಿ ತೆರೆದವರಿಗೆ ಹೊಸದು ಸಿಗುತ್ತದೆ. ಡೇಟಾಬೇಸ್‌ನ ರಚನೆ ಬದಲಾಗುವ ಆವೃತ್ತಿಗೆ ಮಾತ್ರ ಎಲ್ಲರೂ ಒಟ್ಟಿಗೆ ನಿಲ್ಲಿಸಬೇಕು. ಅಂಥದ್ದನ್ನು ಜೂನ್ 1ರಿಂದ ಜುಲೈ 31ರವರೆಗಿನ ಟ್ರಾಲಿಂಗ್ ನಿಷೇಧದ ಅವಧಿಗೆ ಇಟ್ಟುಕೊಂಡರೆ ನಿಮಗೂ ನೆಮ್ಮದಿ, ಮಂಡಿಯವರಿಗೂ ನೆಮ್ಮದಿ.

ಪ್ರಶ್ನೆ: ಉಬುಂಟುವಿನಲ್ಲಿ ಒಂದು ಪ್ರಾಜೆಕ್ಟನ್ನು ಮೇಕ್‌ನಿಂದ ಬಿಲ್ಡ್ ಮಾಡುತ್ತಿದ್ದೆ. ಒಮ್ಮೆ ಏನೋ ದೋಷ ಬಂತೆಂದು ಸುಡೊ ಹಾಕಿ ಮಾಡಿದೆ. ಅಂದಿನಿಂದ ಸುಡೊ ಇಲ್ಲದೆ ‘ಪರ್ಮಿಶನ್ ಡಿನೈಡ್’. 777 ಕೊಟ್ಟರೆ ಸರಿಯಾಗುತ್ತದೆ ಎನ್ನುತ್ತಾರೆ, ಹೌದಾ?
– ಮಣಿಪಾಲ

ಉತ್ತರ: ಸುಡೊ ಎಂದರೆ ಯಂತ್ರದ ಯಜಮಾನ ಖಾತೆಯಾದ ‘ರೂಟ್’ನ ಹೆಸರಿನಲ್ಲಿ ಕಮಾಂಡ್ ಕೊಡುವುದು. ಅದನ್ನು ಹಾಕಿದ ಆ ಒಂದು ಸಲದಲ್ಲಿ ಬಿಲ್ಡ್ ಫೋಲ್ಡರ್‌ನೊಳಗೆ ಹುಟ್ಟಿದ ಆಬ್ಜೆಕ್ಟ್ ಫೈಲ್‌ಗಳೂ ಉಪಫೋಲ್ಡರ್‌ಗಳೂ ರೂಟ್‌ನ ಹೆಸರಿಗೆ ನೋಂದಣಿಯಾಗಿವೆ. ಈಗ ನೀವು ನಿಮ್ಮ ಹೆಸರಿನಲ್ಲಿ ಬಂದರೆ ಅವು ಬಾಗಿಲು ತೆರೆಯುವುದಿಲ್ಲ. ಎಲ್‌ಎಸ್ ಕಮಾಂಡ್‌ಗೆ ಹೈಫನ್ ಎಲ್ ಸೇರಿಸಿ ಆ ಫೋಲ್ಡರ್‌ನಲ್ಲಿ ನೋಡಿ. ಸಾಲಿನ ಮೂರನೇ ಅಂಕಣದಲ್ಲಿ ಕೆಲವಕ್ಕೆ ನಿಮ್ಮ ಹೆಸರು, ಕೆಲವಕ್ಕೆ ‘ರೂಟ್’ ಇರುತ್ತದೆ. ಮೊದಲ ಅಂಕಣದ ಆರ್, ಡಬ್ಲ್ಯೂ, ಎಕ್ಸ್ ಅಕ್ಷರಗಳಿಗಿಂತ ನಿಮ್ಮ ವಿಷಯದಲ್ಲಿ ಈ ಮೂರನೆಯದೇ ಮುಖ್ಯ.

ಇಲ್ಲೊಂದು ಸಂಗತಿ ಅನೇಕರನ್ನು ಗೊಂದಲಕ್ಕೆ ಕೆಡವುತ್ತದೆ: ಲಿನಕ್ಸ್‌ನಲ್ಲಿ ಫೈಲನ್ನು ಅಳಿಸಲು ಬೇಕಾದದ್ದು ಆ ಫೈಲಿನ ಅನುಮತಿಯಲ್ಲ, ಅದಿರುವ ಫೋಲ್ಡರ್‌ನ ಅನುಮತಿ. ಹಾಗಾಗಿ ರೂಟ್‌ನ ಫೈಲೊಂದು ನಿಮ್ಮ ಫೋಲ್ಡರ್‌ನಲ್ಲಿದ್ದರೆ ಅದನ್ನು ತಿದ್ದಲಾಗದಿದ್ದರೂ ಅಳಿಸಬಹುದು. ಫೋಲ್ಡರೇ ರೂಟ್‌ನದ್ದಾದರೆ ಅದರೊಳಗೆ ಅಳಿಸಲೂ ಆಗದು, ಹೊಸದು ಮಾಡಲೂ ಆಗದು. ‘ಮೇಕ್ ಕ್ಲೀನ್’ ಅರ್ಧಕ್ಕೆ ನಿಲ್ಲುವುದು ಇದರಿಂದಲೇ.

ಪರಿಹಾರ: ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ನಿಂತು ಫೈಂಡ್ ಕಮಾಂಡ್‌ಗೆ ‘ಯೂಸರ್ ರೂಟ್’ ಷರತ್ತು ಕೊಟ್ಟು ಯಾವ್ಯಾವುದು ರೂಟ್‌ನದ್ದಾಗಿದೆ ಎಂದು ಪಟ್ಟಿ ತೆಗೆಯಿರಿ. ಎಲ್ಲವೂ ಬಿಲ್ಡ್ ಫೋಲ್ಡರ್‌ನೊಳಗಿನವೇ ಆಗಿದ್ದರೆ ಆ ಫೋಲ್ಡರನ್ನು ಸುಡೊದಿಂದ ಅಳಿಸಿ, ಸುಡೊ ಇಲ್ಲದೆ ಹೊಸದಾಗಿ ಬಿಲ್ಡ್ ಮಾಡಿ. ಇದೇ ಸ್ವಚ್ಛ ದಾರಿ. ಸೋರ್ಸ್ ಫೈಲ್‌ಗಳೂ ಸೇರಿದ್ದರೆ ಚೌನ್ ಕಮಾಂಡ್‌ಗೆ ಕ್ಯಾಪಿಟಲ್ ಆರ್ ಆಯ್ಕೆ ಸೇರಿಸಿ ಇಡೀ ಪ್ರಾಜೆಕ್ಟನ್ನು ನಿಮ್ಮ ಹೆಸರಿಗೆ ಮಾಡಿ. ಕಮಾಂಡ್ ಕೊಡುವ ಮೊದಲು ಎಲ್ಲಿ ನಿಂತಿದ್ದೀರಿ ಎಂದು ಎರಡು ಸಲ ನೋಡಿ. ಇಡೀ ಸಿಸ್ಟಮ್‌ನ ಮೂಲ ಡೈರೆಕ್ಟರಿಯಲ್ಲಿ ನಿಂತು ಕೊಟ್ಟರೆ ಸುಡೊವೇ ಕೆಲಸ ಮಾಡದ ಸ್ಥಿತಿಗೆ ಬರುತ್ತೀರಿ.

777, ಅಂದರೆ ಓದಲು, ಬರೆಯಲು, ಓಡಿಸಲು ಎಲ್ಲರಿಗೂ ಅನುಮತಿ, ಬೇಡ. ತಕ್ಷಣಕ್ಕೆ ಬಾಗಿಲು ತೆರೆಯುತ್ತದೆ ನಿಜ, ಆದರೆ ಟೆಕ್ಸ್ಟ್ ಫೈಲ್‌ಗಳಿಗೂ ಓಡುವ ಬಿಟ್ (ಪ್ರೋಗ್ರಾಂನಂತೆ ಓಡಿಸಬಹುದು ಎಂಬ ಗುರುತು) ಬರುತ್ತದೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಆ ಬಿಟ್ಟನ್ನು ಗಮನಿಸುವುದರಿಂದ ಒಂದಕ್ಷರ ತಿದ್ದದಿದ್ದರೂ ಪ್ರಾಜೆಕ್ಟಿನ ಹೆಚ್ಚಿನ ಫೈಲ್‌ಗಳು ಬದಲಾದವೆಂದು ತೋರಿಸುತ್ತದೆ. ಅದನ್ನೇ ಹೋಮ್ ಡೈರೆಕ್ಟರಿಗೆ ಕೊಟ್ಟವರಿಗೆ ಕೀ ಬಳಸಿ ದೂರದ ಯಂತ್ರಕ್ಕೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಕೂಡ ನಿಲ್ಲುತ್ತದೆ. ಖಾಸಗಿ ಕೀ ಎಲ್ಲರಿಗೂ ಓದಲು ಸಿಗುವಂತಿದ್ದರೆ ಎಸ್‌ಎಸ್‌ಎಚ್ ಅದನ್ನು ಮುಟ್ಟುವುದಿಲ್ಲ. ಸುಡೊ ಬೇಕಾಗುವುದು ‘ಮೇಕ್ ಇನ್‌ಸ್ಟಾಲ್’ ಹಂತಕ್ಕೆ ಮಾತ್ರ, ಅದೂ ಸಿಸ್ಟಮ್ ಫೋಲ್ಡರ್‌ಗೆ ಹಾಕುವುದಾದರೆ.

ಡಾಕರ್ ಬಳಸುವವರಿಗೂ ಇದೇ ಉತ್ತರ. ಡಾಕರ್ ಕಟ್ಟಿಕೊಡುವ ಪ್ರತ್ಯೇಕ ಆವರಣವಾದ ಕಂಟೈನರ್‌ನೊಳಗೆ ಪ್ರೊಸೆಸ್ ರೂಟ್ ಆಗಿ ಓಡಿ, ಹೊರಗಿನಿಂದ ಮೌಂಟ್ ಮಾಡಿದ ನಿಮ್ಮ ಫೋಲ್ಡರ್‌ನಲ್ಲಿ ಫೈಲ್ ಬರೆದರೆ ಅದು ಹೊರಗೂ ರೂಟ್‌ನದ್ದೇ. ರನ್ ಮಾಡುವಾಗ ‘ಯೂಸರ್’ ಆಯ್ಕೆಗೆ ನಿಮ್ಮ ಯೂಸರ್ ಮತ್ತು ಗ್ರೂಪ್ ಸಂಖ್ಯೆಗಳನ್ನು ಕೊಡಿ. ‘ಐಡಿ’ ಕಮಾಂಡ್ ಅವನ್ನು ತೋರಿಸುತ್ತದೆ.

ಪ್ರಶ್ನೆ: ಲಿನಕ್ಸ್‌ನಲ್ಲಿ ಓಡುತ್ತಿರುವ ಪ್ರೋಗ್ರಾಂ ಮೇಲೆ ಹೊಸದನ್ನು ನಕಲು ಮಾಡಿದರೆ ‘ಟೆಕ್ಸ್ಟ್ ಫೈಲ್ ಬ್ಯುಸಿ’ ಎನ್ನುತ್ತದೆ. ಅದು ಟೆಕ್ಸ್ಟ್ ಫೈಲೇ ಅಲ್ಲವಲ್ಲ?
– ಉಳ್ಳಾಲ

ಉತ್ತರ: ಇಲ್ಲಿ ‘ಟೆಕ್ಸ್ಟ್’ ಎಂದರೆ ಪ್ರೋಗ್ರಾಂನ ಕೋಡ್ ಭಾಗ, ಯುನಿಕ್ಸ್‌ನ ಹಳೆಯ ಪರಿಭಾಷೆ. ಓಡುತ್ತಿರುವ ಫೈಲಿನ ಮೇಲೆ ಬರೆಯಲು ಲಿನಕ್ಸ್ ಕೂಡ ಬಿಡುವುದಿಲ್ಲ, ಆದರೆ ಅಳಿಸಲು ಬಿಡುತ್ತದೆ. ಹೊಸದನ್ನು ಬೇರೆ ಹೆಸರಿನಲ್ಲಿ ಪಕ್ಕದಲ್ಲಿಟ್ಟು ಎಂವಿ ಕಮಾಂಡ್‌ನಿಂದ ಹಳೆಯದರ ಹೆಸರಿಗೆ ಬದಲಿಸಿ. ಹಳೆಯ ಪ್ರೊಸೆಸ್ ಹಳೆಯ ಕೋಡ್‌ನಲ್ಲೇ ಮುಂದುವರಿದು, ರೀಸ್ಟಾರ್ಟ್ ಮಾಡಿದಾಗ ಹೊಸದು ಬರುತ್ತದೆ.

ಪ್ರಶ್ನೆ: ಆ್ಯಂಡ್ರಾಯ್ಡ್ ಸ್ಟುಡಿಯೊ ತೆರೆದಿಟ್ಟು ಟರ್ಮಿನಲ್‌ನಿಂದಲೂ ಬಿಲ್ಡ್ ಕೊಟ್ಟರೆ ಗ್ರೇಡಲ್ ‘ಟೈಮ್‌ಔಟ್ ವೇಟಿಂಗ್ ಟು ಲಾಕ್’ ಎಂದು ನಿಲ್ಲುತ್ತದೆ. ಪ್ರಾಜೆಕ್ಟ್ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿದೆ.
– ಕುಂಜಿಬೆಟ್ಟು, ಉಡುಪಿ

ಉತ್ತರ: ಆ ಸಂದೇಶದ ಕೆಳಗೆ ‘ಓನರ್ ಪಿಐಡಿ’, ‘ಅವರ್ ಪಿಐಡಿ’ ಎಂಬ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಬೀಗ ಹಿಡಿದ ಪ್ರೊಸೆಸ್‌ನದ್ದು, ಎರಡನೆಯದು ಈಗ ಕಾಯುತ್ತಿರುವ ನಿಮ್ಮ ಬಿಲ್ಡ್‌ನದ್ದು. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಆ ಸಂಖ್ಯೆಯನ್ನು ಹುಡುಕಿದರೆ ಅದೊಂದು ಜಾವಾ ಪ್ರೊಸೆಸ್, ಅಂದರೆ ಬಿಲ್ಡ್ ಸಾಧನ ಗ್ರೇಡಲ್‌ನ ಡೀಮನ್, ಹಿಂದೆ ಓಡುತ್ತಲೇ ಇರುವ ಪ್ರೊಸೆಸ್. ಕೆಲಸವಿಲ್ಲದಿದ್ದರೂ ಡೀಮನ್ 3 ಗಂಟೆ ಜೀವ ಹಿಡಿದುಕೊಂಡಿರುತ್ತದೆ. ಗ್ರೇಡಲ್‌ಗೆ ‘ಸ್ಟಾಪ್’ ಆಯ್ಕೆ ಕೊಟ್ಟರೆ ನಿಲ್ಲುತ್ತದೆ. ಆದರೆ ನೆನಪಿಡಿ, ಅದು ತನ್ನದೇ ಆವೃತ್ತಿಯ ಡೀಮನ್‌ಗಳನ್ನು ಮಾತ್ರ ನಿಲ್ಲಿಸುತ್ತದೆ. ಬೇರೆ ಆವೃತ್ತಿಯ ಇನ್ನೊಂದು ಪ್ರಾಜೆಕ್ಟ್ ಇದ್ದರೆ ಅಲ್ಲಿಗೆ ಹೋಗಿ ಬೇರೆಯೇ ನಿಲ್ಲಿಸಬೇಕು.

ಸ್ಟುಡಿಯೊ ಒಂದು ಜೆಡಿಕೆ (ಜಾವಾದ ಸಾಧನಗಳ ಕಟ್ಟು), ಟರ್ಮಿನಲ್ ಇನ್ನೊಂದು ಜೆಡಿಕೆ ಬಳಸುತ್ತಿದ್ದರೆ ಒಂದೇ ಪ್ರಾಜೆಕ್ಟ್‌ಗೆ ಎರಡು ಡೀಮನ್ ಹುಟ್ಟುತ್ತವೆ. 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಏದುಸಿರು ಬಿಡುವುದಕ್ಕೂ ಇದು ಕಾರಣ. ಜೆಡಿಕೆ ಎಲ್ಲಿದೆ ಎಂದು ಹೇಳುವ ‘ಜಾವಾ ಹೋಮ್’ ಎರಡೂ ಕಡೆ ಒಂದೇ ಇರಲಿ.

ಡಾಕ್ಯುಮೆಂಟ್ಸ್‌ನ ವಿಷಯ: ಒನ್‌ಡ್ರೈವ್ ಬ್ಯಾಕಪ್ ಆನ್ ಇದ್ದರೆ ಆ ಫೋಲ್ಡರ್ ನಿಮ್ಮ ಅರಿವಿಲ್ಲದೆ ಸಿಂಕ್ ಆಗುತ್ತಿರುತ್ತದೆ. ಬಿಲ್ಡ್ ಸಾವಿರಾರು ಸಣ್ಣ ಫೈಲ್‌ಗಳನ್ನು ಹುಟ್ಟಿಸಿ ಅಳಿಸುತ್ತಿರುವಾಗ ಒನ್‌ಡ್ರೈವ್ ಅವನ್ನು ಒಂದೊಂದಾಗಿ ತೆರೆದು ಮೇಲೆ ಕಳುಹಿಸಲು ನೋಡುತ್ತದೆ. ಪ್ರಾಜೆಕ್ಟನ್ನು ಸಿ ಡ್ರೈವ್‌ನ ನೆತ್ತಿಯಲ್ಲಿ ಒಂದು ಚಿಕ್ಕ ಹೆಸರಿನ ಫೋಲ್ಡರ್ ಮಾಡಿ ಅಲ್ಲಿಗೆ ಸಾಗಿಸಿ. 260 ಅಕ್ಷರಗಳ ಹಳೆಯ ಪಾತ್ ಮಿತಿಯಿಂದಲೂ ದೂರವಿರಬಹುದು. ಬ್ಯಾಕಪ್‌ಗೆ ಗಿಟ್ ಇದೆಯಲ್ಲ.

ಪ್ರಶ್ನೆ: ಸಿಡಿಲು-ಮಳೆಗೆ ಕರೆಂಟ್ ಹೋಗಿ ಡೆಸ್ಕ್‌ಟಾಪ್ ಆಫ್ ಆಯಿತು. ಬಂದ ಮೇಲೆ ಗಿಟ್ ‘ಇಂಡೆಕ್ಸ್ ಡಾಟ್ ಲಾಕ್’ ಇದೆ ಎನ್ನುತ್ತದೆ, ಬಿಲ್ಡ್‌ಗೆ ಬೇಕಾದ ಪ್ಯಾಕೇಜ್ ಹಾಕಲು ಹೋದರೆ ಆಪ್ಟ್ ಕೂಡ ಲಾಕ್ ಎನ್ನುತ್ತದೆ. ಎರಡೂ ಲಾಕ್ ಫೈಲ್‌ಗಳನ್ನು ಅಳಿಸಿಬಿಡಲಾ?
– ಬ್ರಹ್ಮಾವರ

ಉತ್ತರ: ಒಂದನ್ನು ಅಳಿಸಿ, ಇನ್ನೊಂದನ್ನು ಮುಟ್ಟಬೇಡಿ. ಎರಡರ ಹೆಸರೂ ಲಾಕ್, ಕೆಲಸ ಮಾಡುವ ರೀತಿ ಬೇರೆಬೇರೆ.

ಗಿಟ್‌ನಲ್ಲಿ ಫೈಲ್ ಇದೆ ಎಂಬುದೇ ಬೀಗ. ಇಂಡೆಕ್ಸನ್ನು (ತಾನು ಲೆಕ್ಕ ಇಡುವ ಫೈಲ್‌ಗಳ ಪಟ್ಟಿಯನ್ನು) ಬದಲಿಸುವ ಮೊದಲು ಗಿಟ್ ಆ ಹೆಸರಿನ ಫೈಲನ್ನು ಹುಟ್ಟಿಸುತ್ತದೆ, ಮುಗಿದಾಗ ಅದನ್ನೇ ಇಂಡೆಕ್ಸ್ ಎಂದು ಹೆಸರು ಬದಲಿಸುತ್ತದೆ. ನಡುವೆ ಕರೆಂಟ್ ಹೋದರೆ ಫೈಲ್ ಅನಾಥವಾಗಿ ಉಳಿಯುತ್ತದೆ, ತೆಗೆಯುವವರಿಲ್ಲ. ಬೇರೆ ಗಿಟ್ ಪ್ರೊಸೆಸ್ ಓಡುತ್ತಿಲ್ಲವೆಂದು ಖಚಿತ ಮಾಡಿಕೊಂಡು ಅಳಿಸಿ. ವಿಎಸ್ ಕೋಡ್‌ನಂಥ ಎಡಿಟರ್‌ಗಳು ಹಿಂದಿನಿಂದ ಗಿಟ್ ಓಡಿಸುತ್ತಿರುತ್ತವೆ, ಅದನ್ನು ಮೊದಲು ಮುಚ್ಚಿ. ಆಮೇಲೆ ‘ಗಿಟ್ ಎಫ್‌ಎಸ್‌ಸಿಕೆ’ ಒಮ್ಮೆ ಓಡಿಸಿ. ಕರೆಂಟ್ ಹೋದ ಕ್ಷಣದಲ್ಲಿ ಬರೆಯುತ್ತಿದ್ದ ಆಬ್ಜೆಕ್ಟ್ ಖಾಲಿ ಫೈಲಾಗಿ ಉಳಿದಿದ್ದರೆ ಇದು ಹೇಳುತ್ತದೆ.

ಪ್ಯಾಕೇಜ್ ಹಾಕುವ ಆಪ್ಟ್ ಮತ್ತು ಅದು ಬಳಸುವ ಡಿಪಿಕೆಜಿಯಲ್ಲಿ ಹಾಗಲ್ಲ. ಅಲ್ಲಿ ಲಾಕ್ ಫೈಲ್ ಯಾವಾಗಲೂ ಇರುತ್ತದೆ, ಏನೂ ನಡೆಯದಿರುವಾಗಲೂ. ನಿಜವಾದ ಬೀಗವನ್ನು ಇಡುವುದು ಲಿನಕ್ಸ್‌ನ ತಿರುಳಾದ ಕರ್ನಲ್, ಹಿಡಿದ ಪ್ರೊಸೆಸ್ ಸತ್ತರೆ ಅದು ತಾನಾಗಿ ಬಿಡುತ್ತದೆ. ಯಂತ್ರವೇ ಆಫ್ ಆಗಿ ಬಂದ ಮೇಲೆ ಹಳೆಯ ಬೀಗ ಉಳಿಯುವ ಪ್ರಶ್ನೆಯೇ ಇಲ್ಲ. ಹಾಗಾದರೆ ಈಗ ಲಾಕ್ ಎನ್ನುತ್ತಿರುವುದು ಈ ಹೊತ್ತಿನ ಯಾವುದೋ ಪ್ರೊಸೆಸ್ಸಿನ ಕಾರಣಕ್ಕೆ. ಸಾಮಾನ್ಯವಾಗಿ ಬೂಟ್ ಆದೊಡನೆ ಶುರುವಾಗುವ ಉಬುಂಟುವಿನ ‘ಅನ್‌ಅಟೆಂಡೆಡ್ ಅಪ್‌ಗ್ರೇಡ್’, ಅಂದರೆ ತಾನಾಗಿ ನಡೆಯುವ ಅಪ್‌ಗ್ರೇಡ್. ಸಂದೇಶದಲ್ಲಿ ಅದರ ಸಂಖ್ಯೆಯೂ ಹೆಸರೂ ಇರುತ್ತವೆ. ಕಾಯಿರಿ. ಕಾಯದೆ ಲಾಕ್ ಫೈಲನ್ನು ಅಳಿಸಿದರೆ ನಿಮ್ಮ ಆಪ್ಟ್ ಹೊಸ ಫೈಲ್ ಮಾಡಿಕೊಂಡು ಅದಕ್ಕೆ ಬೀಗ ಹಾಕುತ್ತದೆ, ಇಬ್ಬರೂ ಒಂದೇ ಪ್ಯಾಕೇಜ್ ಪಟ್ಟಿಯನ್ನು ಒಟ್ಟಿಗೆ ತಿದ್ದುತ್ತಾರೆ. ಆ ಅಪ್‌ಗ್ರೇಡ್ ಮುಗಿದ ಮೇಲೆ, ಅರ್ಧಕ್ಕೆ ನಿಂತ ಇನ್‌ಸ್ಟಾಲ್ ಏನಾದರೂ ಇದ್ದರೆ ಡಿಪಿಕೆಜಿಗೆ ‘ಕಾನ್ಫಿಗರ್’ ಜೊತೆ ಹೈಫನ್ ಎ ಕೊಟ್ಟು ಪೂರ್ತಿ ಮಾಡಿಸಿ.

ರಸ್ಟ್ ಭಾಷೆಯ ಬಿಲ್ಡ್ ಸಾಧನ ಕಾರ್ಗೊ ‘ಬ್ಲಾಕಿಂಗ್ ವೇಟಿಂಗ್ ಫಾರ್ ಫೈಲ್ ಲಾಕ್’ ಎಂದರೆ ಅದೂ ಈ ಎರಡನೇ ಜಾತಿಯದೇ. ಎಡಿಟರ್‌ನ ರಸ್ಟ್ ಅನಲೈಸರ್ ಹಿಂದೆ ಕೆಲಸ ಮಾಡುತ್ತಿರುತ್ತದೆ. ಅದಕ್ಕೆ ಬೇರೆ ಟಾರ್ಗೆಟ್ ಫೋಲ್ಡರ್ ಕೊಟ್ಟರೆ ಕಾಯುವುದು ತಪ್ಪುತ್ತದೆ, ಡಿಸ್ಕ್ ಜಾಗ ಮಾತ್ರ ಹೆಚ್ಚು ತಿನ್ನುತ್ತದೆ.

ಪ್ರಶ್ನೆ: ವಿಂಡೋಸ್‌ನಲ್ಲಿ ಮಾಡಿದ ಪ್ರಾಜೆಕ್ಟನ್ನು ಲಿನಕ್ಸ್ ಬಿಲ್ಡ್ ಸರ್ವರ್‌ಗೆ ಕಳುಹಿಸಿದರೆ ಗ್ರೇಡಲ್ ರ‍್ಯಾಪರ್‌ಗೆ ‘ಪರ್ಮಿಶನ್ ಡಿನೈಡ್’, ದೋಷ 126.
– ಕಾಪು

ಉತ್ತರ: ವಿಂಡೋಸ್‌ನಲ್ಲಿ ಓಡುವ ಬಿಟ್ ಎಂಬುದೇ ಇಲ್ಲದ್ದರಿಂದ ಅದು ಗಿಟ್‌ಗೆ ಸೇರಿಲ್ಲ. ವಿಂಡೋಸ್‌ನಲ್ಲೇ ‘ಗಿಟ್ ಅಪ್‌ಡೇಟ್-ಇಂಡೆಕ್ಸ್’ ಕಮಾಂಡ್‌ಗೆ ಚ್‌ಮಾಡ್ ಪ್ಲಸ್ ಎಕ್ಸ್ ಆಯ್ಕೆ ಕೊಟ್ಟು ಕಮಿಟ್ ಮಾಡಿ. ಆಮೇಲೆ ಫೈಲ್ ಸಿಗಲಿಲ್ಲ ಎಂದು ದೋಷ ಬದಲಾದರೆ ವಿಂಡೋಸ್‌ನಲ್ಲಿ ಸಾಲಿನ ಕೊನೆಗೆ ಸೇರುವ ಸಿಆರ್ ಎಂಬ ಕಾಣದ ಅಕ್ಷರ ಕಾರಣ. ಗಿಟ್ ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ ಆ ಸ್ಕ್ರಿಪ್ಟ್‌ಗೆ ಎಲ್‌ಎಫ್ (ಲಿನಕ್ಸ್ ಬಳಸುವ ಸಾಲಿನ ಕೊನೆ) ಎಂದು ಬರೆದಿಡಿ.

ಪ್ರಶ್ನೆ: ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಉಬುಂಟು ಎರಡೂ ಇವೆ. ಪ್ರಾಜೆಕ್ಟ್ ವಿಂಡೋಸ್‌ನ ಡಿ ಡ್ರೈವ್‌ನಲ್ಲಿದೆ. ಉಬುಂಟುವಿನಲ್ಲಿ ಬಿಲ್ಡ್ ಮಾಡಿದರೆ ‘ರೀಡ್-ಓನ್ಲಿ ಫೈಲ್ ಸಿಸ್ಟಮ್’. ಸುಡೊಗೂ ಬಗ್ಗುವುದಿಲ್ಲ.
– ಮೂಡುಬಿದಿರೆ

ಉತ್ತರ: ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ, ಅರೆ ನಿದ್ದೆ. ಆ ಸ್ಥಿತಿಯ ಡ್ರೈವ್‌ಗೆ ಬರೆದರೆ ಡೇಟಾ ಕೆಡುತ್ತದೆಂದು ಉಬುಂಟು ಅದನ್ನು ಓದಲು ಮಾತ್ರ ತೆರೆಯುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅದನ್ನು ತೆಗೆದು, ವಿಂಡೋಸನ್ನು ಒಮ್ಮೆ ಸರಿಯಾಗಿ ಶಟ್‌ಡೌನ್ ಮಾಡಿ. ಬರೆಯಲು ಬಂದ ಮೇಲೂ ಅಲ್ಲಿ ಚ್‌ಮಾಡ್ ಕಮಾಂಡ್‌ನಿಂದ ಕೊಟ್ಟ ಅನುಮತಿ ನಿಲ್ಲದೆ ಹೋಗಬಹುದು. ಸೋರ್ಸನ್ನು ಗಿಟ್ ಮೂಲಕ ಉಬುಂಟುವಿನ ಸ್ವಂತ ಹೋಮ್ ಫೋಲ್ಡರ್‌ಗೆ ತಂದುಕೊಂಡು ಅಲ್ಲೇ ಬಿಲ್ಡ್ ಮಾಡಿ. ಡಿ ಡ್ರೈವ್ ಫೋಟೊ, ಪಿಡಿಎಫ್‌ಗಳಿಗೆ ಇರಲಿ.